ಬಾವಂಚಿ ಬೀಜವೂ ಬಿಸಿಲೂ



ಈ ಹೊತ್ತಿನದು ಬಿತ್ತನೆಯ ಮಾತಲ್ಲ, ಗೊಬ್ಬರದ ಮಾತೂ ಅಲ್ಲ. ನಮ್ಮ ಮೈಮೇಲಿನ ಚರ್ಮದ ಮಾತು. ಬೆಳಗಿನಿಂದ ಬೈಗಿನ ತನಕ ಬಿಸಿಲಲ್ಲಿ ದುಡಿಯುವವರು ನೀವು. ಬಿಸಿಲಿಗೆ ಹೆದರಿ ಕೂತರೆ ಬೇಸಾಯ ನಡೆದೀತೆ? ಕಳೆ ಕೀಳುವಾಗ, ಸೊಪ್ಪು ತರಿಯುವಾಗ ಗಿಡದ ರಸ ಕೈಗೆ ಹತ್ತುವುದೂ ನಿಮಗೆ ಹೊಸದಲ್ಲ. ಬಿಸಿಲೂ ಗೊತ್ತು, ರಸವೂ ಗೊತ್ತು. ಆದರೆ ಕೆಲವು ಗಿಡಗಳ ರಸ ಮತ್ತು ಬಿಸಿಲು ಎರಡೂ ಒಂದೇ ಚರ್ಮದ ಮೇಲೆ ಕೂಡಿದರೆ ಏನಾಗುತ್ತದೆ, ಯಾಕಾಗುತ್ತದೆ? ಇದು ಪೂರ್ತಿ ತಿಳಿಯುವುದಕ್ಕೆ ಮನುಷ್ಯನಿಗೆ ಸಾವಿರಾರು ವರ್ಷ ಹಿಡಿಯಿತು. ಆ ಕಥೆಯನ್ನೇ ಇವತ್ತು ಹೇಳುತ್ತೇನೆ, ಸಾವಧಾನವಾಗಿ ಕೇಳಿ. ಕಥೆ ಶುರುವಾಗುವುದು ದೂರದ ಯಾವುದೋ ಊರಿನಲ್ಲಲ್ಲ, ನಮ್ಮದೇ ಹೊಲದ ಬದುವಿನಲ್ಲಿ.

ಬಾವಂಚಿ ಗಿಡ ನಿಮ್ಮಲ್ಲಿ ಅನೇಕರು ಕಂಡದ್ದೇ. ಬೀಳು ನೆಲದಲ್ಲಿ, ದಾರಿಯ ಪಕ್ಕದಲ್ಲಿ ತಾನಾಗಿ ಹುಟ್ಟಿಕೊಳ್ಳುತ್ತದೆ. ಮೊಣಕಾಲಿನಿಂದ ಸೊಂಟದ ಮಟ್ಟ ಬೆಳೆಯುತ್ತದೆ. ನಸುನೇರಳೆ ಬಣ್ಣದ ಸಣ್ಣ ಹೂ, ಕಪ್ಪಗಿನ ಪುಟ್ಟ ಬೀಜ. ಸಂಸ್ಕೃತದಲ್ಲಿ ಇದಕ್ಕೆ ಬಾಕುಚಿ ಎಂದೂ ಸೋಮರಾಜಿ ಎಂದೂ ಹೆಸರು. ಗ್ರಂಧಿಗೆ ಅಂಗಡಿಯಲ್ಲಿ ಕೇಳಿದರೆ ಬೀಜ ಸಿಗುತ್ತದೆ, ಎಣ್ಣೆಯೂ ಸಿಗುತ್ತದೆ. ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ. ಈ ಗಿಡದ ಮಟ್ಟಿಗೆ ಗಾದೆ ನಿಲ್ಲುವುದಿಲ್ಲ. ಇದು ನಿಜವಾಗಿಯೂ ಮದ್ದು. ಮದ್ದಾದ್ದರಿಂದಲೇ ಇದಕ್ಕೆ ಕಾವಲೂ ಬೇಕು.

ಯಾವುದಕ್ಕೆ ಮದ್ದು? ತೊನ್ನಿಗೆ. ಮೈಮೇಲೆ ಅಲ್ಲಲ್ಲಿ ಬಣ್ಣ ಹೋಗಿ ಬೆಳ್ಳಗಾಗುವುದಕ್ಕೆ ತೊನ್ನು ಎನ್ನುತ್ತೇವಷ್ಟೆ. ಚರ್ಮಕ್ಕೆ ಬಣ್ಣ ತಯಾರಿಸಿಕೊಡುವ ಜೀವಕೋಶಗಳು ನಾಶವಾದ ಕಡೆ ಹೀಗಾಗುತ್ತದೆ. ಇದು ಅಂಟುರೋಗವಲ್ಲ, ಕುಷ್ಠವೂ ಅಲ್ಲ, ಯಾರ ಪಾಪದ ಫಲವೂ ಅಲ್ಲ. ಆದರೂ ಹಳ್ಳಿಯಲ್ಲಿ ಒಬ್ಬ ಹುಡುಗಿಯ ತುಟಿಯ ಹತ್ತಿರವೋ ಕೈಮೇಲೋ ಒಂದು ಬಿಳಿ ಮಚ್ಚೆ ಕಂಡಿತೆನ್ನಿ, ತಾಯಿಯ ಎದೆ ಧಸಕ್ಕೆನ್ನುತ್ತದೆ. ಮದುವೆಯ ಮಾತು ನಿಂತುಹೋದೀತು, ಅಕ್ಕಪಕ್ಕದವರು ಏನೆಂದಾರು ಎಂಬ ಚಿಂತೆ. ಯಾರೋ ಹೇಳುತ್ತಾರೆ: ಬಾವಂಚಿ ಅರೆದು ಹಚ್ಚಿ, ಬಿಸಿಲಿಗೆ ಕೂರಿಸಿ. ತಾಯಿ ಹಚ್ಚುತ್ತಾಳೆ, ಕೂರಿಸುತ್ತಾಳೆ. ಬೇಗ ವಾಸಿಯಾಗಲೆಂದು ಸ್ವಲ್ಪ ಹೆಚ್ಚಾಗಿಯೇ ಹಚ್ಚುತ್ತಾಳೆ, ಇನ್ನಷ್ಟು ಹೊತ್ತು ಕೂರಿಸುತ್ತಾಳೆ. ಆ ದಿನ ಹೆಚ್ಚೇನೂ ಕಾಣುವುದಿಲ್ಲ. ಒಂದೆರಡು ದಿನ ಕಳೆಯುವುದರೊಳಗೆ ಆ ಜಾಗವೆಲ್ಲ ಕೆಂಪಗಾಗಿ, ಕುದಿಯುವ ನೀರು ಬಿದ್ದವರ ಹಾಗೆ ಬೊಬ್ಬೆ ಏಳಬಹುದು. ಬೊಬ್ಬೆ ಒಡೆದು ಹುಣ್ಣಾದರೆ ಇದ್ದ ಬಣ್ಣವೂ ಹೋಗಿ ಮಚ್ಚೆ ದೊಡ್ಡದಾಗುವುದುಂಟು.

ತಾಯಿಯದು ತಪ್ಪೇ? ಅವಳು ಮಾಡಿದ್ದು ಹಿಂದಿನವರು ಹೇಳಿದ್ದನ್ನೇ. ಅಥರ್ವವೇದದಲ್ಲಿ ಕಿಲಾಸ ಎಂಬ ಬಿಳಿ ಮಚ್ಚೆಯ ಪ್ರಸ್ತಾಪವಿದೆ, ಅದಕ್ಕೆ ಬಣ್ಣ ತರುವಂತೆ ಕಪ್ಪು ಮೂಲಿಕೆಯೊಂದನ್ನು ಬೇಡಿಕೊಳ್ಳುವ ಮಂತ್ರವಿದೆ. ಚರಕ ಸಂಹಿತೆಯಲ್ಲಿ ಇದಕ್ಕೆ ಶ್ವಿತ್ರ ಎಂದು ಹೆಸರು. ಮೊದಲು ಕೋಷ್ಠಶುದ್ಧಿ ಮಾಡಿಸಿ, ಆಮೇಲೆ ಔಷಧ ಕೊಟ್ಟು, ರೋಗಿಯ ಶಕ್ತಿ ನೋಡಿಕೊಂಡು ಬಿಸಿಲಿನಲ್ಲಿ ಕೂರಿಸಬೇಕು ಎಂದು ಅಲ್ಲಿ ಹೇಳಿದೆ. ಬೊಬ್ಬೆ ಏಳುವುದನ್ನೂ ಅವರು ಬಲ್ಲರು. ಹಾಗಾದರೆ ಆ ಕಾಲದ ವೈದ್ಯರಿಗೆ ಒಂದು ಸಂಗತಿ ಖಂಡಿತ ತಿಳಿದಿತ್ತು. ಮದ್ದು ಒಂದೇ ಸಾಲದು, ಬಿಸಿಲೂ ಬೇಕು.

ಇತ್ತ ನಾವು ಬಾವಂಚಿಯನ್ನು ನಂಬಿದ ಹಾಗೆ, ಅತ್ತ ನೈಲ್ ನದಿಯ ಕಡೆಯ ಜನ ಇನ್ನೊಂದು ಗಿಡವನ್ನು ನಂಬಿದ್ದರು. ಅದು ನಮ್ಮ ಓಮ, ಕೊತ್ತಂಬರಿಯ ಬಳಗಕ್ಕೆ ಸೇರಿದ ಗಿಡ. ಈಜಿಪ್ಟಿನಲ್ಲಿ ಅದರ ಬೀಜವನ್ನು ತೊನ್ನಿಗೆ ಬಳಸುತ್ತಿದ್ದರು. 13ನೆಯ ಶತಮಾನದಲ್ಲಿದ್ದ ಇಬ್ನ್ ಅಲ್ ಬೈತಾರ್ ಎಂಬ ಅರಬ್ಬೀ ಮೂಲಿಕಾ ಪಂಡಿತ ತನ್ನ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ. ಪುಡಿಯನ್ನು ಹೊಟ್ಟೆಗೆ ಕೊಟ್ಟು ಮಚ್ಚೆಯನ್ನು ಬಿಸಿಲಿಗೆ ಒಡ್ಡಬೇಕೆಂದು ಅವನ ಮಾತು. ನೋಡಿ, ಗಿಡ ಬೇರೆ, ದೇಶ ಬೇರೆ, ಭಾಷೆ ಬೇರೆ. ಆದರೂ ಇಬ್ಬರೂ ಹೇಳಿದ್ದು ಒಂದೇ: ಬೀಜವೂ ಬಿಸಿಲೂ ಕೂಡಬೇಕು. ಇದು ಕಾಕತಾಳೀಯವಲ್ಲ. ಎರಡು ಗಿಡದಲ್ಲೂ ಅಡಗಿದ್ದ ವಸ್ತುಗಳು ಒಂದೇ ಮನೆತನದವು. ಅದು ಗೊತ್ತಾಗಲು ಇನ್ನೂ ಸುಮಾರು 700 ವರ್ಷ ಬೇಕಾಯಿತು.

ಮೊದಲು ತಿಳಿಯಬೇಕಾದ್ದು ಬಿಸಿಲು ಏನೆಂಬುದು. ಮಳೆಬಿಲ್ಲಿನಲ್ಲಿ ಕೆಂಪಿನಿಂದ ನೇರಳೆಯವರೆಗೆ ಬಣ್ಣ ಕಾಣುತ್ತದಷ್ಟೆ. ನೇರಳೆಯ ಆಚೆಗೆ ನಮ್ಮ ಕಣ್ಣಿಗೆ ಏನೂ ಕಾಣುವುದಿಲ್ಲ. 1801ರಲ್ಲಿ ಜರ್ಮನಿಯ ರಿಟ್ಟರ್ ಎಂಬ ವಿಜ್ಞಾನಿ, ಬೆಳಕು ತಾಗಿದರೆ ಕಪ್ಪಾಗುವ ಬೆಳ್ಳಿಯ ಲವಣವೊಂದನ್ನು ಆ ಬಣ್ಣಗಳ ಸಾಲಿನಲ್ಲಿಟ್ಟು ನೋಡಿದ. ನೇರಳೆಯ ಆಚೆ, ಏನೂ ಕಾಣದ ಜಾಗದಲ್ಲೇ ಲವಣ ಬೇಗ ಕಪ್ಪಾಯಿತು. ಕಣ್ಣಿಗೆ ಕಾಣದ ಕಿರಣಗಳು ಅಲ್ಲಿವೆ ಎಂಬುದು ಸಿದ್ಧವಾಯಿತು. ಅವನ್ನೇ ಈಗ ಅತಿನೇರಳೆ ಕಿರಣ ಎನ್ನುತ್ತಾರೆ. ಬಿಸಿಲಿನ ಕಾವು ಬೇರೆ, ಈ ಕಿರಣ ಬೇರೆ. ಆದ್ದರಿಂದಲೇ ಮೋಡ ಮುಚ್ಚಿದ ತಂಪು ದಿನದಲ್ಲೂ ಚರ್ಮಕ್ಕೆ ಪೆಟ್ಟು ಬೀಳಬಹುದು. ನಾವು ಸೆಕೆಯನ್ನು ಅಳೆದು ಬಿಸಿಲನ್ನು ಅಳೆದೆವೆಂದುಕೊಳ್ಳುತ್ತೇವೆ. ಅಲ್ಲೇ ಮೋಸ ಹೋಗುವುದು.

ಇನ್ನು ಎರಡನೆಯ ಮೆಟ್ಟಲು. ಮ್ಯೂನಿಕ್ ನಗರದಲ್ಲಿ ಟಾಪ್ಪೈನರ್ ಎಂಬ ಅಧ್ಯಾಪಕರ ಕೈಕೆಳಗೆ ಆಸ್ಕರ್ ರಾಬ್ ಎಂಬ ವಿದ್ಯಾರ್ಥಿಯಿದ್ದ. ಅಕ್ರಿಡೀನ್ ಎಂಬ ರಾಸಾಯನಿಕವನ್ನು ನೀರಿಗೆ ಬೆರೆಸಿ, ಒಂದೇ ಜೀವಕೋಶದಿಂದಾದ ಸೂಕ್ಷ್ಮಜೀವಿಗಳು ಅದರಲ್ಲಿ ಎಷ್ಟು ಹೊತ್ತಿಗೆ ಸಾಯುತ್ತವೆಂದು ನೋಡುವುದು ಅವನ ಕೆಲಸ. ಲೆಕ್ಕ ತಾಳೆಯಾಗಲಿಲ್ಲ. ಅದೇ ಮದ್ದು, ಅದೇ ಅಳತೆ, ಆದರೆ ಒಂದು ದಿನ ಬೇಗ ಸತ್ತವು, ಇನ್ನೊಂದು ದಿನ ಬಹಳ ಹೊತ್ತು ಬದುಕಿದವು. ಬೇರೆ ಯಾರಾದರೂ ಕೈತಪ್ಪು ಎಂದು ಸುಮ್ಮನಾಗುತ್ತಿದ್ದರೋ ಏನೋ. ಈತ ಬಿಡಲಿಲ್ಲ. ವ್ಯತ್ಯಾಸ ಇದ್ದದ್ದು ಬೆಳಕಿನಲ್ಲಿ. ಮದ್ದು ಮಾತ್ರವಿದ್ದು ಕತ್ತಲಿದ್ದರೆ ಜೀವಿ ಬದುಕಿತು, ಬೆಳಕು ಮಾತ್ರವಿದ್ದರೂ ಬದುಕಿತು, ಎರಡೂ ಕೂಡಿದಾಗ ಸತ್ತಿತು. 1900ರಲ್ಲಿ ಇದನ್ನು ಪ್ರಕಟಿಸಿದ. ಒಂದು ಕೈಯಿಂದ ಚಪ್ಪಾಳೆಯಾಗದು, ಎರಡು ಕೈ ಸೇರಬೇಕು ಎನ್ನುತ್ತಾರಲ್ಲ, ಹಾಗೆ.

ಸೂಕ್ಷ್ಮಜೀವಿಗೆ ಆದದ್ದು ಮನುಷ್ಯನಿಗೂ ಆದೀತೇ? ಇದನ್ನು ತನ್ನ ಮೈಮೇಲೇ ಪರೀಕ್ಷಿಸಿಕೊಂಡವನು ಮೈಯರ್ ಬೆಟ್ಸ್ ಎಂಬ ಜರ್ಮನ್ ವೈದ್ಯ. 1912ರ ಅಕ್ಟೋಬರಿನಲ್ಲಿ, ರಕ್ತದ ಕೆಂಪು ಬಣ್ಣದಿಂದ ತಯಾರಿಸಿದ ಒಂದು ವಸ್ತುವನ್ನು 200 ಮಿಲಿಗ್ರಾಂ ತೂಗಿ ತನ್ನ ರಕ್ತನಾಳಕ್ಕೆ ಚುಚ್ಚಿಕೊಂಡ. ನಮ್ಮ ಉಗುರಿನ ಮೇಲೆ ನಿಲ್ಲುವಷ್ಟು ಪುಡಿ. ಬಳಿಕ ಬಿಸಿಲಿಗೆ ಬಂದ. ಬಿಸಿಲು ತಾಗಿದ ಕಡೆಯೆಲ್ಲ ಊದಿಕೊಂಡಿತು. ಮುಖ ಗುರುತು ಸಿಗದ ಹಾಗೆ ಬಾತುಹೋಯಿತು. ಬಟ್ಟೆ ಮುಚ್ಚಿದ್ದ ಮೈಗೆ ಏನೂ ಆಗಲಿಲ್ಲ. ಎರಡು ತಿಂಗಳು ಕಳೆದರೂ ಅವನಿಗೆ ಬಿಸಿಲು ಸಹಿಸಲಾಗಲಿಲ್ಲ. ಇಂಥ ಪ್ರಯೋಗವನ್ನು ಯಾರೂ ಮಾಡಬಾರದು. ಆದರೆ ಆತ ಅನುಭವಿಸಿದ್ದರಿಂದ ಲೋಕಕ್ಕೆ ಒಂದು ಸತ್ಯ ತಿಳಿಯಿತು.

ಗಿಡದ ರಸದ ಕಡೆಗೆ ಬರೋಣ. ಯೂರೋಪಿನಲ್ಲಿ ಬರ್ಗಮಾಟ್ ಎಂಬ ಒಂದು ಜಾತಿಯ ನಿಂಬೆಯ ಸಿಪ್ಪೆಯಿಂದ ಸುಗಂಧತೈಲ ತೆಗೆಯುತ್ತಾರೆ. 1834ರಲ್ಲಿಯೇ ಆ ತೈಲದಿಂದ ಬರ್ಗಾಪ್ಟೆನ್ ಎಂಬ ವಸ್ತುವನ್ನು ಬೇರೆ ಮಾಡಿದ್ದರು. ಅದರ ಗುಣ ಏನೆಂದು ಆಗ ಯಾರಿಗೂ ಗೊತ್ತಿರಲಿಲ್ಲ. 1916ರಲ್ಲಿ ಫ್ರಾಯಿಂಡ್ ಎಂಬ ವೈದ್ಯ, ಸುಗಂಧದ ನೀರು ಹಚ್ಚಿಕೊಂಡು ಬಿಸಿಲಿಗೆ ಹೋದವರ ಚರ್ಮದ ಮೇಲೆ ಕಪ್ಪು ಕಲೆ ಬಿದ್ದುದನ್ನು ವರದಿ ಮಾಡಿದ. 1926ರಲ್ಲಿ ವಿಯೆನ್ನಾದ ಒಪ್ಪೆನ್‌ಹೈಮ್ ಎಂಬ ವೈದ್ಯ, ಸ್ನಾನ ಮಾಡಿ ಹುಲ್ಲುಗಾವಲಿನಲ್ಲಿ ಒದ್ದೆ ಮೈಯಲ್ಲೇ ಮಲಗಿ ಬಿಸಿಲು ಕಾಯಿಸಿದವರ ಬೆನ್ನಿನ ಮೇಲೆ, ಎಲೆಯ ಮತ್ತು ಹುಲ್ಲಿನ ಆಕಾರದಲ್ಲೇ ಬೊಬ್ಬೆ ಎದ್ದುದನ್ನು ಹೇಳಿದ. 1938ರಲ್ಲಿ ಸ್ವಿಟ್ಜರ್ಲೆಂಡಿನ ಕುಸ್ಕೆ ಎಂಬಾತ ಈ ಎಲ್ಲ ತುಂಡುಗಳನ್ನು ಜೋಡಿಸಿದ. ಬರ್ಗಾಪ್ಟೆನ್ ಮತ್ತು ಅದರ ಬಳಗದ ವಸ್ತುಗಳು ಬೆಳಕಿನೊಡನೆ ಸೇರಿ ಚರ್ಮವನ್ನು ಸುಡುತ್ತವೆ ಎಂದು ತೋರಿಸಿದ.

ಅಷ್ಟರಲ್ಲಿ ನಮ್ಮ ದೇಶದಲ್ಲಿಯೂ ಕೆಲಸ ನಡೆದಿತ್ತು. 1933ರಲ್ಲಿ ಜೋಯಿಸ್, ಮಂಜುನಾಥ್, ವೆಂಕಟರಾವ್ ಎಂಬ ಮೂವರು ಭಾರತೀಯ ರಸಾಯನ ವಿಜ್ಞಾನಿಗಳು ಬಾವಂಚಿ ಬೀಜವನ್ನು ಪರೀಕ್ಷಿಸಿ, ಅದರೊಳಗಿನ ಸೊರಾಲೆನ್ ಎಂಬ ವಸ್ತುವನ್ನು ಬೇರೆ ಮಾಡಿ ವರದಿ ಬರೆದರು. 1947ರಲ್ಲಿ ಈಜಿಪ್ಟಿನ ಗಿಡದಿಂದಲೂ ಸೊರಾಲೆನ್‌ನ ಸೋದರನೊಂದು ಹೊರಬಂತು. 1948ರಲ್ಲಿ ಕೈರೋ ನಗರದ ಎಲ್ ಮೊಫ್ತಿ ಎಂಬ ವೈದ್ಯರು ಅದನ್ನು ತೊನ್ನಿನ ರೋಗಿಗಳಿಗೆ ಅಳತೆ ಪ್ರಕಾರ ಕೊಟ್ಟು ಬಂದ ಫಲವನ್ನು ಪ್ರಕಟಿಸಿದರು. ನಮ್ಮ ಬದುವಿನ ಬೀಜವೂ ನೈಲ್ ನದಿಯ ಬೀಜವೂ ಹೀಗೆ ನಂಟರೆಂದು ಗೊತ್ತಾದವು.

ಈಗ ಮುಖ್ಯ ಪ್ರಶ್ನೆ. ಈ ಸೊರಾಲೆನ್ ಚರ್ಮದೊಳಗೆ ಹೋಗಿ ಮಾಡುವುದೇನು? ಒಂದು ಗೋಡೆ ಇಟ್ಟಿಗೆಗಳಿಂದ ಆದ ಹಾಗೆ ನಮ್ಮ ಚರ್ಮ ಜೀವಕೋಶಗಳಿಂದ ಆದದ್ದು. ಇಟ್ಟಿಗೆಗೆ ಜೀವವಿಲ್ಲ. ಜೀವಕೋಶಕ್ಕೆ ಜೀವ ಉಂಟು. ಅದು ಒಂದಿದ್ದದ್ದು ಎರಡಾಗುತ್ತದೆ, ಹಳತು ಸವೆದಂತೆ ಹೊಸತು ಬರುತ್ತದೆ. ಹೊಸತು ಹೇಗಿರಬೇಕೆಂಬ ಬರಹ ಪ್ರತಿಯೊಂದು ಕೋಶದ ಒಳಗೂ ಇರುತ್ತದೆ. ಅದಕ್ಕೆ ಡಿ.ಎನ್.ಎ. ಎಂದು ಹೆಸರು. ಎರಡು ಎಳೆ ಸೇರಿಸಿ ಹೊಸೆದ ಹಗ್ಗದ ಹಾಗೆ ಅದು ಇದೆಯೆಂಬುದು 1953ರಲ್ಲಿ ತಿಳಿಯಿತು. ಕೋಶ ಎರಡಾಗಬೇಕಾದರೆ ಈ ಹಗ್ಗದ ಎರಡು ಎಳೆಯೂ ಬಿಚ್ಚಿಕೊಳ್ಳಬೇಕು.

ಸೊರಾಲೆನ್ ಎಂಬುದು ಚಪ್ಪಟೆಯಾದ ಅತಿ ಸಣ್ಣ ಕಣ. ಅದು ಹಗ್ಗದ ಎಳೆಗಳ ನಡುವೆ ಮೆಲ್ಲನೆ ತೂರಿಕೊಳ್ಳುತ್ತದೆ. ಕತ್ತಲಲ್ಲಿ ಸುಮ್ಮನೆ ಕೂತಿರುತ್ತದೆ, ಮತ್ತೆ ಹೊರಗೂ ಹೋಗುತ್ತದೆ. ಅತಿನೇರಳೆ ಕಿರಣ ತಾಗಿತೋ, ಎಳೆಗೆ ಗಟ್ಟಿಯಾಗಿ ಅಂಟಿಬಿಡುತ್ತದೆ. ಕೆಲವು ಕಡೆ ಎರಡೂ ಎಳೆಗೆ ಸೇರಿಸಿ ಬೆಸುಗೆ ಹಾಕುತ್ತದೆ. ಆಮೇಲೆ ಹಗ್ಗ ಬಿಚ್ಚಿಕೊಳ್ಳಲಾರದು. ಬರಹವನ್ನು ಓದಲಾಗದು, ನಕಲು ಮಾಡಲಾಗದು. 1960ರ ದಶಕದಲ್ಲಿ ಇಟಲಿಯ ಪಡುವಾ ನಗರದಲ್ಲಿ ಮುಸಾಜೊ, ರೊಡಿಗಿಯೆರೊ ಎಂಬ ವಿದ್ವಾಂಸರು ಸೊರಾಲೆನ್ ಬೆಳಕಿನಲ್ಲಿ ಡಿ.ಎನ್.ಎ.ಗೆ ಅಂಟುವುದನ್ನು ತೋರಿಸಿಕೊಟ್ಟರು. ಪೆಟ್ಟು ತಿಂದ ಕೋಶಗಳು ಸಾಯುತ್ತವೆ, ಸುತ್ತಲೂ ಉರಿಯೂತ ಏಳುತ್ತದೆ, ನೀರು ತುಂಬಿ ಬೊಬ್ಬೆಯಾಗುತ್ತದೆ. ಇದೆಲ್ಲ ನಡೆಯಲು ಹೊತ್ತು ಬೇಕು. ಅದಕ್ಕೇ ಬೆಂಕಿಯ ಸುಟ್ಟಗಾಯ ತಕ್ಷಣ ಕಂಡರೆ, ಈ ಗಾಯ ಸುಮಾರು ಒಂದು ದಿನ ಬಿಟ್ಟು ಕಾಣುತ್ತದೆ, ಎರಡು ಮೂರು ದಿನಕ್ಕೆ ಜೋರಾಗುತ್ತದೆ. ಕಲೆ ಮಾತ್ರ ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯುತ್ತದೆ.

ಎಲ್ಲ ಕೋಶವೂ ಸಾಯುವುದಿಲ್ಲ. ಕೆಲವು ತಮ್ಮ ಬರಹವನ್ನು ತಾವೇ ರಿಪೇರಿ ಮಾಡಿಕೊಳ್ಳುತ್ತವೆ. ಮುರಿದ ಬೇಲಿಯನ್ನು ನಾವು ಕಟ್ಟಿಕೊಳ್ಳುವ ಹಾಗೆ ಈ ಕೆಲಸ ನಮ್ಮ ಚರ್ಮದಲ್ಲಿ ದಿನವೂ ನಡೆಯುತ್ತಿರುತ್ತದೆ. ಸ್ವಲ್ಪ ಬಿಸಿಲಿಗೇ ಮುಖವೆಲ್ಲ ಕಲೆಯಾಗಿ, ಎಳೆಯ ವಯಸ್ಸಿಗೇ ಚರ್ಮದ ಕ್ಯಾನ್ಸರ್ ಬರುವ ಒಂದು ಅಪರೂಪದ ಹುಟ್ಟುರೋಗವುಂಟು. ಅಂಥವರ ಕೋಶಗಳಿಗೆ ಈ ರಿಪೇರಿಯ ಶಕ್ತಿ ಕಡಿಮೆಯೆಂದು 1968ರಲ್ಲಿ ಅಮೆರಿಕದ ಕ್ಲೀವರ್ ಎಂಬ ವಿಜ್ಞಾನಿ ಕಂಡುಹಿಡಿದರು. ರಿಪೇರಿ ನಿಂತರೆ ಏನಾಗುತ್ತದೆಂಬುದು ಹಾಗೆ ಗೊತ್ತಾಯಿತು. ನಮ್ಮ ನಿಮ್ಮ ಚರ್ಮದಲ್ಲಿಯೂ ಪೆಟ್ಟು ಮೇಲಿಂದ ಮೇಲೆ ಬಿದ್ದರೆ ಎಲ್ಲೋ ಒಂದೆಡೆ ರಿಪೇರಿ ತಪ್ಪುತ್ತದೆ. ತಪ್ಪು ಬರಹವೇ ನಕಲಾಗುತ್ತಾ ಹೋಗಿ, ಎಷ್ಟೋ ವರ್ಷಗಳ ಮೇಲೆ ಕ್ಯಾನ್ಸರ್ ಆಗಬಹುದು.

ಇದು ಬರಿಯ ಊಹೆಯಲ್ಲ. 1974ರಲ್ಲಿ ಅಮೆರಿಕದ ವೈದ್ಯರು ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಸೊರಾಲೆನ್ ಬಳಗದ ಮಾತ್ರೆ ಕೊಟ್ಟು, ದೀಪಗಳ ಅತಿನೇರಳೆ ಬೆಳಕಿಗೆ ರೋಗಿಯನ್ನು ನಿಲ್ಲಿಸಿ ಗುಣ ಕಂಡರು. ಬಹಳ ಜನಕ್ಕೆ ಉಪಕಾರವಾಯಿತು. ಆದರೆ ಅವರು ಗುಣವಾಯಿತೆಂದು ಪುಸ್ತಕ ಮುಚ್ಚಲಿಲ್ಲ. ರೋಗಿಗಳನ್ನು ವರ್ಷಗಟ್ಟಲೆ ಕರೆಕರೆದು ಪರೀಕ್ಷಿಸಿದರು. 1979ರಲ್ಲಿ 1,373 ರೋಗಿಗಳ ಲೆಕ್ಕ ಹೊರಬಂತು. ಅವರಲ್ಲಿ ಚರ್ಮದ ಕ್ಯಾನ್ಸರ್ ನಿರೀಕ್ಷೆಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚಾಗಿತ್ತು. ಅಂದಿನಿಂದ ಈ ಚಿಕಿತ್ಸೆಗೆ ಕಟ್ಟುನಿಟ್ಟು ಬಂತು. ಎಷ್ಟು ಮಾತ್ರೆ, ಎಷ್ಟು ನಿಮಿಷ, ಒಟ್ಟು ಎಷ್ಟು ಸಲ ಎಂದು ಲೆಕ್ಕ ಬರೆದಿಡುತ್ತಾರೆ, ಕಣ್ಣಿಗೆ ಕನ್ನಡಕ ಹಾಕಿಸುತ್ತಾರೆ. ಮಾತ್ರೆಯಿಲ್ಲದೆ ಬೆಳಕಿನಿಂದಲೇ ಮಾಡುವ ಬೇರೆ ಚಿಕಿತ್ಸೆಯೂ ಈಗ ತೊನ್ನಿಗೆ ಉಂಟು. ಆಸ್ಪತ್ರೆಯಲ್ಲಿ ಇಷ್ಟು ಎಚ್ಚರ ಬೇಕಾದ ವಸ್ತುವನ್ನು ನಾವು ಮನೆಯಲ್ಲಿ ಕಲ್ಲಿನ ಮೇಲೆ ಅರೆದು ಬೊಗಸೆಯಲ್ಲಿ ಹಚ್ಚಿದರೆ ಹೇಗೆ?

“ನಮ್ಮಜ್ಜಿ ಹಚ್ಚುತ್ತಿದ್ದಳು, ಏನೂ ಆಗಲಿಲ್ಲವಲ್ಲ” ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಒಂದು ಬೀಜದಲ್ಲಿ ಸತ್ವ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಒಂದು ದಿನದ ಬಿಸಿಲು ಇನ್ನೊಂದು ದಿನದಂತಿಲ್ಲ. ಒಬ್ಬರ ಚರ್ಮ ಇನ್ನೊಬ್ಬರದರಂತಿಲ್ಲ. ಅದರಲ್ಲೂ ತೊನ್ನಿನ ಜಾಗಕ್ಕೆ ಬಣ್ಣದ ಕಾವಲೇ ಇಲ್ಲ, ಬೇಗ ಸುಡುತ್ತದೆ. ಕಣ್ಣಳತೆಯಲ್ಲಿ ಹಾಕಿದ ಮದ್ದು ಒಂದು ಸಲ ದಕ್ಕಿತೆಂದರೆ ಹತ್ತು ಸಲವೂ ದಕ್ಕೀತೆಂದು ಹೇಳಲಾಗದು.

ಇದೇ ಮಾತಿಗೆ ಸಾಕ್ಷಿ ನಿಮ್ಮ ಕೊಟ್ಟಿಗೆಯಲ್ಲೂ ಸಿಕ್ಕೀತು. ಮೇವಿಲ್ಲದ ಕಾಲದಲ್ಲಿ ದನ ಲಂಟಾನ ಸೊಪ್ಪು ತಿಂದರೆ ಕಾಮಾಲೆಯಾಗಿ, ಬಿಸಿಲಿಗೆ ಬಿಟ್ಟಾಗ ಮೂತಿ, ಕಿವಿ, ಬಿಳಿ ಮಚ್ಚೆಯ ಜಾಗ ಕೆಂಪಾಗಿ ಚರ್ಮ ಸುಲಿಯುತ್ತದೆ. ಸೊಪ್ಪಿನ ವಿಷ ಯಕೃತ್ತನ್ನು ಕೆಡಿಸುತ್ತದೆ. ಹಸಿರು ಮೇವು ಅರಗಿದಾಗ ಹುಟ್ಟುವ ಒಂದು ವಸ್ತು ಹೊರಹೋಗದೆ ರಕ್ತದಲ್ಲಿ ನಿಲ್ಲುತ್ತದೆ, ಬೆಳಕು ತಾಗಿದಲ್ಲಿ ಸುಡುತ್ತದೆ. ಆ ವಸ್ತುವಿನ ಕೈವಾಡವನ್ನು 1930ರ ದಶಕದಲ್ಲಿ ದಕ್ಷಿಣ ಆಫ್ರಿಕದ ಕುರಿಗಳಲ್ಲಿ ರಿಮಿಂಗ್ಟನ್, ಕ್ವಿನ್ ಎಂಬುವರು ಕಂಡುಹಿಡಿದರು. ಇಂಥ ದನವನ್ನು ಮೊದಲು ನೆರಳಿಗೆ ಕಟ್ಟಿ, ಆ ಸೊಪ್ಪು ತಪ್ಪಿಸಿ, ಪಶುವೈದ್ಯರನ್ನು ಕರೆಸಿ. ಇನ್ನು ಕಾಂಗ್ರೆಸ್ ಕಳೆ ಕಿತ್ತವರಿಗೆ ಬರುವ ತುರಿಕೆಯ ಬಗೆ ಬೇರೆ. ಅದು ಮೈಗೆ ಒಗ್ಗದೆ ಬರುವ ಅಲರ್ಜಿ, ಒಮ್ಮೆ ಬಂದರೆ ಮತ್ತೆ ಮತ್ತೆ ಬರುತ್ತದೆ. ಅದಕ್ಕೂ ವೈದ್ಯರನ್ನು ಕಾಣಬೇಕು.

ಕೊನೆಯದಾಗಿ, ಮನೆಯಲ್ಲಿ ನೆನಪಿಡಬೇಕಾದ ನಾಲ್ಕು ಮಾತು.

ಒಂದು. ಬಾವಂಚಿ, ಅಂಜೂರದ ಹಾಲು, ನಿಂಬೆಯ ಸಿಪ್ಪೆಯ ರಸ, ಇವು ಕೈಗೆ ಹತ್ತಿದರೆ ಬಿಸಿಲಿಗೆ ಹೋಗುವ ಮುಂಚೆಯೇ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಆಮೇಲೂ ಒಂದೆರಡು ದಿನ ಆ ಜಾಗಕ್ಕೆ ಬಟ್ಟೆ ಮುಚ್ಚಿರಲಿ. ಹಬ್ಬ ಮದುವೆಗೆಂದು ರಾಶಿ ನಿಂಬೆಹಣ್ಣು ಹಿಂಡುವ ಹೆಂಗಸರು ನೆರಳಲ್ಲಿ ಕೂತು ಹಿಂಡಲಿ. ಕಿಟಕಿಯ ಗಾಜಿನ ಹಿಂದೆ ಕೂತರೆ ಸಾಕೆನ್ನಬೇಡಿ, ಈ ಕೆಲಸ ಮಾಡುವ ಕಿರಣ ಗಾಜನ್ನು ದಾಟಿ ಬರುತ್ತದೆ.

ಎರಡು. ಬೊಬ್ಬೆ ಎದ್ದರೆ ಒಡೆಯಬೇಡಿ. ತಣ್ಣೀರಿನ ಒದ್ದೆಬಟ್ಟೆ ಇಡಿ, ಬಿಸಿಲಿಗೆ ತೋರಿಸಬೇಡಿ. ಸುಣ್ಣ, ಬೂದಿ, ಅರಿಸಿನ ಮೆತ್ತದೆ ಆಸ್ಪತ್ರೆಗೆ ಹೋಗಿ. ಯಾವ ಗಿಡ ಮುಟ್ಟಿದಿರಿ, ಎಷ್ಟು ಹೊತ್ತು ಬಿಸಿಲಲ್ಲಿದ್ದಿರಿ ಎಂಬುದನ್ನು ವೈದ್ಯರಿಗೆ ಮರೆಯದೆ ಹೇಳಿ.

ಮೂರು. ಬಾವಂಚಿಯನ್ನು ಯಾರೋ ಹೇಳಿದರೆಂದು ಹೊಟ್ಟೆಗೆ ತೆಗೆದುಕೊಳ್ಳಬೇಡಿ. ಅದರಿಂದ ಯಕೃತ್ತಿಗೆ ಪೆಟ್ಟಾದ ಪ್ರಸಂಗಗಳು ವೈದ್ಯರ ಬರಹಗಳಲ್ಲಿ ದಾಖಲಾಗಿವೆ.

ನಾಲ್ಕು. ಬಿಳಿ ಮಚ್ಚೆ ಕಂಡರೆ ಬಚ್ಚಿಡಬೇಡಿ, ಚರ್ಮವೈದ್ಯರಿಗೆ ತೋರಿಸಿ. ಸ್ಪರ್ಶ ತಿಳಿಯದ ಮಚ್ಚೆಯಾದರೆ ಅದು ಕುಷ್ಠವಿರಬಹುದು. ಅದಕ್ಕೂ ಗುಣಪಡಿಸುವ ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಸ್ಪರ್ಶ ಸರಿಯಾಗಿದ್ದು ತೊನ್ನೇ ಆದರೆ, ಚಿಕಿತ್ಸೆಯೂ ಉಂಟು, ಚಿಕಿತ್ಸೆಯಿಲ್ಲದೆ ನೆಮ್ಮದಿಯಾಗಿ ಬಾಳುವವರೂ ಉಂಟು.

ನಮ್ಮ ಹಿರಿಯರು ಬೀಜವನ್ನೂ ಬಿಸಿಲನ್ನೂ ಕೂಡಿಸಲು ಕಲಿತರು. ಅದು ಸಣ್ಣ ವಿದ್ಯೆಯಲ್ಲ. ಎಷ್ಟು ಕೂಡಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಲೆಕ್ಕ ಈಚೆಗೆ ಬಂದದ್ದು. ಅದು ಬಂದದ್ದು ಎಷ್ಟೋ ಜನರ ಸುಟ್ಟ ಚರ್ಮದ ಬೆಲೆ ತೆತ್ತು. ಆ ಬೆಲೆಯನ್ನು ನಮ್ಮ ಮನೆಯ ಮಗಳೊಬ್ಬಳು ಮತ್ತೆ ತೆರುವುದು ಬೇಡ. ಅವಳ ಕೈಮೇಲಿನ ಬಿಳಿ ಮಚ್ಚೆ ನಾಳೆ ವಾಸಿಯಾದರೂ ಸರಿ, ಆಗದಿದ್ದರೂ ಸರಿ, ಅವಳು ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು ಉಣ್ಣಲಿ.